ನಕ್ಷೆ ಬರೆಯುವ ಮುನ್ನ ಮನೆಯಾಕೆಯನ್ನು ಕೇಳಿ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಕಟ್ಟುವಾಗಿನ ಕಷ್ಟವನ್ನು ಗಾದೆ ಹೇಳಿತು. ಕಟ್ಟಿದ ಮೇಲೆ ಅದೇ ಮನೆಯಲ್ಲಿ ಮೂವತ್ತು ನಲವತ್ತು ವರ್ಷ ಒಲೆಯ ಮುಂದೆ ನಿಲ್ಲುವವರ, ಕಸ ಗುಡಿಸುವವರ, ಮುದುಕರನ್ನು ಹಿಡಿದು ಬಚ್ಚಲಿಗೆ ಕರೆದೊಯ್ಯುವವರ ಕಷ್ಟವನ್ನು ಮಾತ್ರ ಹೇಳದೆ ಬಿಟ್ಟಿತು. ಸೋದರಿಯರೇ, ಆ ಕಷ್ಟಗಳೆಲ್ಲ ಹುಟ್ಟುವುದು ಕಾಗದದ ಮೇಲೆ ನಕ್ಷೆ ಬರೆಯುವಾಗಲೇ. ಆಗ ನಾವು ಚಹಾ ಮಾಡಲು ಒಳಗೆ ಹೋಗಿರುತ್ತೇವೆ!

ಮನೆಯ ನಕ್ಷೆ ಬರೆಯುವ ಆರ್ಕಿಟೆಕ್ಟರು ಹೇಗೆ ಯೋಚಿಸುತ್ತಾರೆ ಎಂಬುದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಒದಗಿ ಬಂತು. ನಾನು ಓದಿದ್ದು ಹೈಸ್ಕೂಲು ಮಾತ್ರ. ಆದರೂ ಅವರ ವಿಚಾರ ಮಾಡುವ ರೀತಿ ನಮಗೆ, ಅಂದರೆ ಇದ್ದದ್ದರಲ್ಲೇ ಸಂಸಾರ ತೂಗಿಸುವ ಹೆಣ್ಣುಮಕ್ಕಳಿಗೆ, ಹೊಸದೇನೂ ಅಲ್ಲವೆಂದು ಅನಿಸಿತು. ಅದನ್ನೇ ನಿಮ್ಮೊಡನೆ ಹಂಚಿಕೊಳ್ಳೋಣವೆಂದು ಈ ಬರಹ.

ನಮ್ಮದು ಹಳೇ ಹುಬ್ಬಳ್ಳಿ. ಇಲ್ಲಿಯ ಓಣಿಗಳನ್ನು ನೋಡಿದವರಿಗೆ ಗೊತ್ತು, ಮನೆಗೆ ಮನೆ ಅಂಟಿಕೊಂಡೇ ನಿಂತಿರುತ್ತವೆ. ನಮ್ಮ ಮಾವನವರ ಕಾಲದ ದೊಡ್ಡ ಮನೆ ಅಣ್ಣತಮ್ಮಂದಿರಲ್ಲಿ ಪಾಲಾದಾಗ ನಮ್ಮ ಪಾಲಿಗೆ ಬಂದದ್ದು 14 ಅಡಿ ಅಗಲ, 52 ಅಡಿ ಉದ್ದದ ಒಂದು ಪಟ್ಟಿ. ಮುಂದೆ ಪೂರ್ವಕ್ಕೆ ಓಣಿ, ಹಿಂದೆ ಪಶ್ಚಿಮಕ್ಕೆ ಸ್ವಲ್ಪ ಹಿತ್ತಿಲು. ಎಡಕ್ಕೂ ಬಲಕ್ಕೂ ಪಾಲುದಾರರ ಗೋಡೆ. ಹಳೆಯ ಮಣ್ಣಿನ ಗೋಡೆ ಒಂದು ಮಳೆಗಾಲದಲ್ಲಿ ಬಿರುಕು ಬಿಟ್ಟಿತು. ಕಟ್ಟಲೇಬೇಕಾದ ಹೊತ್ತು ಬಂತು.

ಗೌಂಡಿ ಬಂದು ನೋಡಿದ. ಕೈಕೆಲಸದಲ್ಲಿ ಒಳ್ಳೆಯವ. ಒಂದರ ಹಿಂದೆ ಒಂದು ಮೂರು ಖೋಲಿ, ಕೊನೆಗೆ ಅಡಿಗೆ ಮನೆ, ಅದರಾಚೆ ಬಚ್ಚಲು ಎಂದು ಐದು ನಿಮಿಷದಲ್ಲಿ ಹೇಳಿ ಮುಗಿಸಿದ. ನಡುವಿನ ಖೋಲಿಗೆ ಬೆಳಕು ಎಲ್ಲಿಂದ ಬರಬೇಕು ಎಂದು ಕೇಳಿದೆ. "ಎರಡೂ ಕಡೆ ಗ್ವಾಡಿ ಅದಾವ್ರೀ ಅಕ್ಕಾರ, ಬೆಳಕ ಎಲ್ಲಿಂದ ತರೋಣ್ರಿ? ಹಗಲೊತ್ತೂ ಲೈಟ್ ಹಾಕ್ಕೊಂಡ್ರ ಆತು" ಎಂದ.

ಆ ನಡುವಿನ ಕತ್ತಲ ಖೋಲಿ ನಮ್ಮ ಅತ್ತೆಯವರದಾಗಬೇಕಿತ್ತು. ಅವರಿಗೆ ಎಂಬತ್ತು ದಾಟಿದೆ, ಮೊಣಕಾಲು ನೋವು, ಕಣ್ಣು ಮಂಜು. ಮದುವೆಯಾಗಿ ಬಂದಾಗಿನಿಂದ ಮುಂದಿನ ಕಟ್ಟೆಯ ಮೇಲೆ ಕುಳಿತು ಓಣಿಯ ಜನರನ್ನು ಮಾತಾಡಿಸಿಕೊಂಡೇ ಬಂದವರು. ಗೌಂಡಿಯ ಮಾತು ಕೇಳಿ ಆ ದಿನ ಸುಮ್ಮನಿದ್ದರು. ಮರುದಿನ ಹೇಳಿದರು: "ನನ್ನ ಗದಗಿಗೆ ಮಗಳ ಮನಿಗೆ ಕಳಿಸಿಬಿಡ್ರವಾ. ಕತ್ತಲ ಖೋಲ್ಯಾಗ ಕುಂತು ಗ್ವಾಡಿ ನೋಡಕೋತ ಕಾಲಾ ಕಳ್ಯಾಕ ನನ್ನ ಕೈಲೆ ಆಗೂದಿಲ್ಲ."

ನಮ್ಮ ಮನೆಯವರು ಒಂದು ಮಾತೂ ಆಡಲಿಲ್ಲ. ಮನೆ ಕಟ್ಟುವುದು ತಾಯಿಯನ್ನು ಹೊರಗೆ ಕಳಿಸುವುದಕ್ಕಾಗಿಯೇ ಎಂಬ ಯೋಚನೆ ಅವರಿಗೂ ಬಂದಿರಬೇಕು. ಆಗ ನಾನೇ ನಮ್ಮ ಓಣಿಯ ಹುಡುಗಿಯೊಬ್ಬಳನ್ನು ಕರೆಸಿದೆ. ಆಕೆ ಆರ್ಕಿಟೆಕ್ಟ್ ಓದಿ, ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿ ಊರಿಗೆ ಬಂದಿದ್ದಳು.

ಬಂದವಳು ಪೆನ್ಸಿಲು ತೆಗೆಯಲೇ ಇಲ್ಲ. ಎಷ್ಟು ಖೋಲಿ ಬೇಕು ಎಂದೂ ಕೇಳಲಿಲ್ಲ. "ಕಾಕೂ, ಮುಂಜಾನೆ ಎದ್ದ ಕೂಡಲೆ ಮೊದಲ ಎಲ್ಲಿಗೆ ಹೋಗ್ತೀರಿ? ಆಮ್ಯಾಲೆ ಏನ ಮಾಡ್ತೀರಿ?" ಎಂದು ಕೇಳಿದಳು. ರೊಟ್ಟಿ ಎಷ್ಟು ಹೊತ್ತಿಗೆ, ಜೊತೆಗೆ ಯಾರಿರುತ್ತಾರೆ, ಮಗಳು ಎಲ್ಲಿ ಓದುತ್ತಾಳೆ, ಹಬ್ಬಕ್ಕೆ ಎಷ್ಟು ಜನ ಬರುತ್ತಾರೆ, ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗುತ್ತವೆ, ಎಲ್ಲವೂ ಬೇಕು ಆಕೆಗೆ. ಕಡೆಗೆ ಅತ್ತೆಯವರ ಹತ್ತಿರ ಕೂತು, "ಅಜ್ಜೀ, ನಿಮಗ ಎಲ್ಲಿ ಕುಂತ್ರ ಛಲೋ ಅನಸ್ತದ?" ಎಂದಳು. ಅತ್ತೆಯವರು ಸ್ವಲ್ಪ ಯೋಚಿಸಿ, "ದಾರಿನೂ ಕಾಣಬೇಕು, ಒಲಿನೂ ಕಾಣಬೇಕು" ಎಂದರು. ಅದನ್ನು ಹುಡುಗಿ ಇದ್ದಂತೆಯೇ ಬರೆದುಕೊಂಡಳು.

ಆಮೇಲೆ ಆಕೆ ಬರೆದದ್ದು ಬರೀ ಗುಂಡಗುಂಡಗಿನ ಸುತ್ತುಗಳು. ಒಂದೊಂದು ಸುತ್ತು ಒಂದೊಂದು ಕೆಲಸ: ಅಡಿಗೆ, ಓದು, ಪೂಜೆ, ಸ್ನಾನ, ಹರಟೆ. ಒಂದಕ್ಕೊಂದು ಹತ್ತಿರ ಇರಬೇಕಾದವನ್ನು ದಪ್ಪ ಗೆರೆಯಿಂದ ಜೋಡಿಸಿದಳು, ದೂರ ಇರಬೇಕಾದವನ್ನು ಬೇರೆ ಇಟ್ಟಳು. ಗೋಡೆಗಳು ಬಂದದ್ದು ಎಲ್ಲಕ್ಕೂ ಕೊನೆಗೆ. ಆರ್ಕಿಟೆಕ್ಟರ ಮೊದಲ ಗುಟ್ಟು ಇದೇ ನೋಡಿ. ಖೋಲಿಗಳನ್ನು ಎಣಿಸುವ ಮೊದಲು ಆ ಮನೆಯ ದಿನಚರಿಯನ್ನು ಓದುತ್ತಾರೆ.

ಆ ಹುಡುಗಿಯೇ ನನಗೊಂದು ಕಥೆ ಹೇಳಿದಳು. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಫ್ರಾಂಕ್‌ಫರ್ಟ್ ಪಟ್ಟಣದಲ್ಲಿ ಮನೆಗಳ ತೀರಾ ಅಭಾವವಿತ್ತು. ಎರ್ನ್‌ಸ್ಟ್ ಮೇ ಎಂಬವರ ಮುಂದಾಳತ್ವದಲ್ಲಿ ಕಾರ್ಮಿಕರಿಗಾಗಿ ಸಾವಿರಾರು ಮನೆಗಳನ್ನು ಕಟ್ಟಿದರು. ಆ ಮನೆಗಳ ಅಡಿಗೆ ಕೋಣೆಯನ್ನು ರೂಪಿಸುವ ಕೆಲಸ ಮಾರ್ಗರೆಟೆ ಶ್ಯೂಟ್-ಲಿಹೋಟ್ಸ್‌ಕಿ ಎಂಬ ಹೆಣ್ಣುಮಗಳ ಪಾಲಿಗೆ ಬಂತು. ಆಸ್ಟ್ರಿಯಾ ದೇಶದ ಮೊದಮೊದಲ ಮಹಿಳಾ ಆರ್ಕಿಟೆಕ್ಟರಲ್ಲಿ ಆಕೆ ಒಬ್ಬರು. 1926ರಲ್ಲಿ ಆಕೆ ಮಾಡಿದ ಅಡಿಗೆ ಕೋಣೆಯ ಅಗಲ 1.9 ಮೀಟರು, ಉದ್ದ 3.4 ಮೀಟರು. ಅಂದರೆ ಸುಮಾರು ಆರೂಕಾಲು ಅಡಿಗೆ ಹನ್ನೊಂದು ಅಡಿ. ಇಷ್ಟು ಚಿಕ್ಕ ಜಾಗದ ಕಲ್ಪನೆ ಆಕೆಗೆ ಬಂದದ್ದು ರೈಲಿನ ಊಟದ ಡಬ್ಬಿಯ ಅಡಿಗೆ ಕೋಣೆಯಿಂದ. ನಮ್ಮ ಹುಬ್ಬಳ್ಳಿ ರೈಲ್ವೆಯವರ ಊರು, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓಡುವ ಗಾಡಿಯ ಇಕ್ಕಟ್ಟಿನಲ್ಲಿ ಒಂದೆರಡು ಮಂದಿ ನಿಂತಲ್ಲೇ ನಿಂತು ಎಷ್ಟೋ ಜನರಿಗೆ ಅಡಿಗೆ ಮಾಡಿ ಕಳಿಸುತ್ತಾರಲ್ಲ, ಮನೆಯಲ್ಲಿ ಯಾಕಾಗಬಾರದು ಎಂದು ಆಕೆ ವಿಚಾರ ಮಾಡಿದರು. ಗಡಿಯಾರ ಹಿಡಿದು ಯಾವ ಕೆಲಸಕ್ಕೆ ಎಷ್ಟು ಹೊತ್ತು, ಎಷ್ಟು ಹೆಜ್ಜೆ ಎಂದು ಲೆಕ್ಕ ತೆಗೆದರು. ಅಕ್ಕಿ ಸಕ್ಕರೆಗೆ ಸುರಿಯಲು ಮೂತಿಯಿದ್ದ ಅಲ್ಯೂಮಿನಿಯಂ ಡಬ್ಬಿಗಳ ಸಾಲು, ಮಡಚಿ ಗೋಡೆಗೆ ಸೇರಿಸುವ ಇಸ್ತ್ರಿ ಹಲಗೆ, ಕೂತು ತಿರುಗಲು ಒಂದು ಸ್ಟೂಲು, ಹೀಗೆ ಎಲ್ಲವೂ ಕೈಗೆಟುಕುವಷ್ಟು ಹತ್ತಿರ. ಆ ಪಟ್ಟಣದಲ್ಲಿ ಇಂಥವು ಸುಮಾರು 10,000 ಆದವು. ಇಂದು ನಾವು 'ಮಾಡ್ಯುಲರ್ ಕಿಚನ್' ಎನ್ನುತ್ತೇವಲ್ಲ, ಅದರ ಅಜ್ಜಿ ಇದು.

ತಮಾಷೆಯೆಂದರೆ ಈ ಅಡಿಗೆ ಕೋಣೆ ಮಾಡುವ ಮುನ್ನ ತಾನು ಎಂದೂ ಅಡಿಗೆ ಮಾಡಿದವಳಲ್ಲ, ಮನೆ ನಡೆಸಿದವಳಲ್ಲ ಎಂದು ಆಕೆಯೇ ಮುಂದೆ ಹೇಳಿಕೊಂಡಿದ್ದರು! ಹಾಗಾದರೆ ಹೇಗೆ ಮಾಡಿದರು? ನೋಡಿದರು, ಅಳೆದರು, ಲೆಕ್ಕ ಹಾಕಿದರು. ಆದರೆ ಅಳತೆಗೆ ಸಿಗದೆ ಉಳಿದದ್ದೂ ಒಂದಿತ್ತು. ಆ ಕೋಣೆಯಲ್ಲಿ ಒಬ್ಬರೇ ನಿಲ್ಲಬಹುದಿತ್ತು, ಇಬ್ಬರು ಸೇರಿದರೆ ಇಕ್ಕಟ್ಟು. ಅತ್ತೆ ಸೊಸೆ, ಅಕ್ಕ ತಂಗಿ ಕೂಡಿ ಅಡಿಗೆ ಮಾಡುವ ನಮ್ಮ ಮನೆಗಳಿಗೆ ಅದನ್ನು ಹಾಗೆಯೇ ತಂದರೆ ನಡೆಯುವುದೆ? ಇದನ್ನು ಆರ್ಕಿಟೆಕ್ಟರಿಗೆ ಹೇಳಬೇಕಾದವರು ನಾವೇ.

ನಾನು ಹೇಳಿದೆ. ಜೋಳದ ರೊಟ್ಟಿ ಬಡಿಯುವವರಿಗೆ ಅಂಗಡಿಯವರು ಹೇಳುವ ಎತ್ತರದ ಕಟ್ಟೆ ಆಗಿಬರುವುದಿಲ್ಲ. ಚಪಾತಿಯ ಹಾಗೆ ಲಟ್ಟಿಸುವುದಲ್ಲ ಅದು, ಮೇಲಿನಿಂದ ಕೈ ಬೀಳಬೇಕು. ಕಟ್ಟೆ ಎತ್ತರವಾದರೆ ಹೆಗಲು ಹಿಡಿಯುತ್ತದೆ, ತೀರಾ ತಗ್ಗಾದರೆ ಸೊಂಟ ಹೋಗುತ್ತದೆ. ಹುಡುಗಿ ನನ್ನನ್ನು ನಿಲ್ಲಿಸಿ ನೆಲದಿಂದ ಮೊಣಕೈವರೆಗೆ ಟೇಪು ಹಿಡಿದಳು. ಕಾಯಿಪಲ್ಯ ಹೆಚ್ಚುವ ಕಟ್ಟೆ ಮೊಣಕೈಗಿಂತ ನಾಲ್ಕು ಇಂಚು ತಗ್ಗು, ರೊಟ್ಟಿ ಬಡಿಯುವ ಭಾಗ ಅದಕ್ಕೂ ನಾಲ್ಕು ಇಂಚು ತಗ್ಗು ಎಂದು ಗುರುತು ಹಾಕಿಕೊಂಡಳು. ಒಂದೇ ಕಟ್ಟೆಗೆ ಎರಡು ಎತ್ತರ. ಖರ್ಚು ಹೆಚ್ಚಾಗಲಿಲ್ಲ. ಮುಂಜಾನೆ ಮೂವತ್ತು ರೊಟ್ಟಿ ಬಡಿದರೂ ಈಗ ನನ್ನ ಹೆಗಲು ತಕರಾರು ಮಾಡುವುದಿಲ್ಲ.

ಇನ್ನು ಬೆಳಕಿನ ಮಾತು. ನಮ್ಮ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯನ್ನು ನೀವು ನೋಡಿರಬಹುದು. ಚಾಲುಕ್ಯರ ಕಾಲದ ಆ ಗುಡಿಗೆ ನಾಲ್ಕು ದಿಕ್ಕಿಗೂ ಬಾಗಿಲುಗಳು. ಗುಡಿಗೆ ನಾಲ್ಕು ದಿಕ್ಕು ಸಿಕ್ಕವು, ನಮಗೆ ಸಿಕ್ಕಿದ್ದು ಎರಡೇ. ಆದರೆ ಐದನೆಯದೊಂದು ದಿಕ್ಕು ಇದೆ, ಅದು ಮೇಲೆ! ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಮಣ್ಣಿನ ಮಾಳಿಗೆಗೆ ಗವಾಕ್ಷಿ ಬಿಟ್ಟಿರುತ್ತಿದ್ದರು. ಬೆಳಕು ಒಳಗೆ ಬರುತ್ತಿತ್ತು, ಒಲೆಯ ಹೊಗೆ ಹೊರಗೆ ಹೋಗುತ್ತಿತ್ತು. ದಪ್ಪ ಗೋಡೆಗೆ ಬಿದ್ದ ಮಧ್ಯಾಹ್ನದ ಬಿಸಿಲು ಒಳಗೆ ಬರುವ ಹೊತ್ತಿಗೆ ಹೊರಗೆ ಸಂಜೆ ತಂಪಾಗಿರುತ್ತಿತ್ತು.

ಇದೇ ವಿಚಾರವನ್ನು ನಮ್ಮ ದೇಶದ ಹೆಸರಾಂತ ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ (1930–2015) ಬೇರೊಂದು ರೀತಿಯಲ್ಲಿ ಮಾಡಿ ತೋರಿಸಿದ್ದರು. 1960ರ ದಶಕದ ಆರಂಭದಲ್ಲಿ ಅಹಮದಾಬಾದಿನಲ್ಲಿ ಅವರು ಕಡಿಮೆ ವರಮಾನದವರಿಗಾಗಿ ಒಂದು 'ಕೊಳವೆ ಮನೆ' ಕಟ್ಟಿದರು. ಅಗಲ 12 ಅಡಿ, ಉದ್ದ 60 ಅಡಿ. ನಮ್ಮ ಪಾಲಿನ ಪಟ್ಟಿಗಿಂತಲೂ ಇಕ್ಕಟ್ಟು! ಬಿಸಿಗಾಳಿ ಹಗುರ, ಮೇಲಕ್ಕೇ ಹೋಗುತ್ತದೆ ಎಂಬುದನ್ನು ಸ್ಕೂಲಿನಲ್ಲಿ ನಾವೆಲ್ಲ ಓದಿದ್ದೇವೆ. ಅವರು ಮಾಳಿಗೆಯನ್ನು ಇಳಿಜಾರು ಮಾಡಿ, ತುದಿಯಲ್ಲಿ ಕಿಂಡಿ ಬಿಟ್ಟರು. ಬಿಸಿಗಾಳಿ ಇಳಿಜಾರು ಹಿಡಿದು ಮೇಲೇರಿ ಕಿಂಡಿಯಿಂದ ಹೊರಬಿದ್ದರೆ, ಕೆಳಗಿನಿಂದ ತಂಪು ಗಾಳಿ ತಾನಾಗಿ ಒಳಗೆ ಬರುತ್ತಿತ್ತು. ಫ್ಯಾನು ತಿರುಗಬೇಕಾಗಿರಲಿಲ್ಲ. ಆ ಮನೆಯನ್ನು 1995ರಲ್ಲಿ ಕೆಡವಿದರಂತೆ. ಅದರೊಳಗಿನ ವಿಚಾರ ಮಾತ್ರ ಉಳಿದು ನಮ್ಮ ಓಣಿಯವರೆಗೂ ಬಂತು.

ನಮ್ಮ ಮನೆಯ ನಡುವೆ ಹುಡುಗಿ ಒಂದು ಸಣ್ಣ ಚೌಕ ಬಿಟ್ಟಳು. ಅದಕ್ಕೆ ಹತ್ತಿಯೇ ಮೇಲಕ್ಕೆ ಹೋಗುವ ಮೆಟ್ಟಿಲು. ಮೇಲೆ ಅರ್ಧ ಹಂಚು, ಅರ್ಧ ಗಾಜು, ಮಾಳಿಗೆಗಿಂತ ಒಂದೂವರೆ ಅಡಿ ಎತ್ತರಿಸಿ ಹಾಕಿದ್ದು. ಆ ಸಂದಿನಿಂದ ಬಿಸಿಗಾಳಿ ಹೋಗುತ್ತದೆ. ಸುತ್ತಲೂ ಹೊರಚಾಚು ಇರುವುದರಿಂದ ಮಳೆಯ ಎರಚಲು ಒಳಗೆ ಬರುವುದಿಲ್ಲ. ಪೂರ್ತಿ ಗಾಜು ಯಾಕೆ ಬೇಡ ಎಂದು ನಮ್ಮವರು ಕೇಳಿದ್ದಕ್ಕೆ ಆಕೆ ಕೊಟ್ಟ ಕಾರಣ ಕೇಳಿ. ನಮ್ಮ ಊರಿನಲ್ಲಿ ಮೇ ತಿಂಗಳ ಮೊದಲಿಗೂ ಆಗಸ್ಟ್ ನಡುವಿಗೂ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಪೂರ್ತಿ ಗಾಜು ಹಾಕಿದರೆ ಬೇಸಿಗೆಯಲ್ಲಿ ಚೌಕ ಹಪ್ಪಳ ಒಣಗಿಸುವ ಜಾಗವಾದೀತು! ನೋಡಿ, ಆರ್ಕಿಟೆಕ್ಟರು ಆಕಾಶದ ಲೆಕ್ಕವನ್ನೂ ಇಟ್ಟಿರುತ್ತಾರೆ.

ಒಂದು ವಸ್ತುವಿನಿಂದ ಮೂರು ಕೆಲಸ ತೆಗೆಯುವುದು ಅವರ ಇನ್ನೊಂದು ಗುಣ. ಹಳೆಯ ಸೀರೆ ಕೌದಿಯಾಗಿ, ಕೌದಿ ಹರಿದು ಕಾಲೊರಸು ಆಗುವುದನ್ನು ಬಲ್ಲ ನಮಗೆ ಇದು ಬೇಗ ತಿಳಿಯುತ್ತದೆ. ನಮ್ಮ ಮೆಟ್ಟಿಲು ಮೇಲೆ ಹೋಗುವ ದಾರಿ, ಬಿಸಿಗಾಳಿಯ ಕೊಳವೆ, ಕೆಳಗಡೆ ಜೋಳದ ಚೀಲ ಹಾಸಿಗೆ ಇಡುವ ಕಪಾಟು. ಮುಂದಿನ ಕಿಟಕಿಯ ದಪ್ಪ ಕಟ್ಟೆ ಮಗಳಿಗೆ ಓದುವ ಜಾಗ. ಹಳೆಯ ಮನೆಯ ಸಾಗವಾನಿ ಬಾಗಿಲು, ಕಂಬ, ತೊಲೆಗಳನ್ನು ಮಾರದೆ ಹೊಸ ಮನೆಗೇ ಬಳಸಿದೆವು.

ಈ ಮಾತಿಗೆ ಗುರು ಎಂದರೆ ಲಾರಿ ಬೇಕರ್ (1917–2007). ಇಂಗ್ಲೆಂಡಿನಲ್ಲಿ ಹುಟ್ಟಿ ಭಾರತೀಯರೇ ಆಗಿ ಹೋದ ಇವರು ತಿರುವನಂತಪುರದಲ್ಲಿ ನೆಲೆಸಿ, ಕಡಿಮೆ ಖರ್ಚಿನ ಅಂದವಾದ ಮನೆಗಳನ್ನು ಕಟ್ಟಿಸಿದರು. ಹತ್ತಿರದಲ್ಲೇ ಸಿಗುವ ಸಾಮಾನುಗಳಿಂದ ಮನೆ ಕಟ್ಟಬೇಕೆಂಬ ಗಾಂಧೀಜಿಯವರ ಮಾತು ಅವರ ಮನಸ್ಸಿನಲ್ಲಿ ನಿಂತಿತ್ತು. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟುವ ಪದ್ಧತಿಯನ್ನು ಅವರು ಹರಡಿದರು. ಇದರಲ್ಲಿ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಪೊಳ್ಳಿನ ಗಾಳಿ ಬಿಸಿಲನ್ನು ತಡೆಯುತ್ತದೆ. ಸ್ಲ್ಯಾಬಿನ ಕೆಳಭಾಗದಲ್ಲಿ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲದ ಕಡೆ ಮಂಗಳೂರು ಹಂಚು ಜೋಡಿಸುವುದೂ ಅವರದೇ ರೂಢಿ. ನಮ್ಮ ಹಿತ್ತಿಲ ಕಡೆಯ ಗೋಡೆಯನ್ನು ಹೀಗೆ ಪೊಳ್ಳಾಗಿ, ಮೇಲ್ಗಡೆ ಜಾಳಿಗೆಯಾಗಿ ಕಟ್ಟಿದೆವು. ಗೌಂಡಿಗೆ ಮೊದಮೊದಲು ನಂಬಿಕೆ ಬರಲಿಲ್ಲ. ಈಗ ಬೇರೆಯವರಿಗೂ ಅದನ್ನೇ ಹೇಳುತ್ತಾನೆ. ಹಂಚಿನ ಸ್ಲ್ಯಾಬನ್ನು ಮಾತ್ರ ಎಂಜಿನಿಯರರ ಲೆಕ್ಕವಿಲ್ಲದೆ ಯಾರೂ ಹಾಕಿಸಬಾರದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ರಂಗೋಲಿಯ ನಕ್ಷೆ. ಕಾಗದದ ಮೇಲಿನ ಗೆರೆ ನೋಡಿ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳುವುದು ನಮ್ಮಂಥವರಿಗೆ ಕಷ್ಟ. ಹಳೆಯ ಮನೆ ತೆಗೆದು ನೆಲ ಸಮ ಮಾಡಿದ ಮೇಲೆ ಹುಡುಗಿ, ನಾನು, ಮಗಳು ಸೇರಿ ಇಡೀ ನಕ್ಷೆಯನ್ನು ರಂಗೋಲಿ ಪುಡಿಯಿಂದ ನಿಜವಾದ ಅಳತೆಯಲ್ಲಿ ನೆಲದ ಮೇಲೆ ಬರೆದೆವು. ಬಾಗಿಲು, ಮಂಚ, ಒಲೆ, ಎಲ್ಲ. ಅತ್ತೆಯವರನ್ನು ಕರೆತಂದೆವು. ಅವರು ಕೋಲೂರಿಕೊಂಡು ತಮ್ಮ ಮಂಚದಿಂದ ಶೌಚಾಲಯದವರೆಗೆ ನಡೆದರು. 27 ಹೆಜ್ಜೆ. ನಡುವೆ ಎರಡು ಸಲ ನಿಂತರು. ರಾತ್ರಿಯ ಹೊತ್ತು ಆ ದಾರಿ ಎಷ್ಟು ಉದ್ದವಾದೀತು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಹುಡುಗಿ ಅಲ್ಲಿಯೇ ಕಾಲಿನಿಂದ ಗೆರೆ ಅಳಿಸಿದಳು. ಹಿತ್ತಿಲ ಬದಿಯಲ್ಲಿದ್ದ ಬಚ್ಚಲು, ಶೌಚಾಲಯ ಎರಡನ್ನೂ ಚೌಕದ ಪಕ್ಕಕ್ಕೆ ತಂದಳು. ಅತ್ತೆಯವರ ಮಂಚದಿಂದ ಈಗ 9 ಹೆಜ್ಜೆ. ಅದರ ಹಿಂದಿನ ಗೋಡೆಗೇ ಅಡಿಗೆ ಮನೆಯ ತೊಳೆಯುವ ಕಟ್ಟೆ ಬಂತು, ನೀರಿನ ಕೊಳವೆಗಳೆಲ್ಲ ಒಂದೇ ಗೋಡೆಗೆ ಸೇರಿ ಖರ್ಚೂ ಉಳಿಯಿತು. ಬಂಧುಗಳು ಮೂಗು ಮುರಿದರು, ಅಡಿಗೆ ಮನೆಗೆ ಹತ್ತಿ ಶೌಚಾಲಯವೇ ಎಂದು. ಮಡಿ ಮೈಲಿಗೆಯಲ್ಲಿ ಎಲ್ಲರಿಗಿಂತ ಬಿಗಿಯಾದ ನಮ್ಮ ಅತ್ತೆಯವರೇ ಉತ್ತರ ಕೊಟ್ಟರು: "ನಡುವ ಗ್ವಾಡಿ ಐತಿ, ಬಾಗಲಾ ಆ ಕಡೆ ಐತಿ. ರಾತ್ರಿ ಬಿದ್ದು ಕಾಲ ಮುರ್ಕೊಳ್ಳೂದಕ್ಕಿಂತ ಇದ ಛಲೋ." ಮಾತು ಅಲ್ಲಿಗೆ ಮುಗಿಯಿತು.

ಪೂರ್ತಿ ಮನೆಯನ್ನು ಒಮ್ಮೆಲೇ ಕಟ್ಟುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ಅದಕ್ಕೂ ಆಕೆ ಒಂದು ಉದಾಹರಣೆ ಕೊಟ್ಟಳು. ನಮ್ಮ ಬೆಂಗಳೂರಿನ ಐ.ಐ.ಎಂ. ಕಟ್ಟಡಗಳನ್ನು ರೂಪಿಸಿದ ಬಾಲಕೃಷ್ಣ ದೋಶಿಯವರು (1927–2023) ಇಂದೂರಿನಲ್ಲಿ 'ಅರಣ್ಯ' ಎಂಬ ವಸತಿಯನ್ನು ಯೋಜಿಸಿದರು. ಅಲ್ಲಿ ತೀರಾ ಬಡವರಿಗೆ ಮೊದಲು ದೊರೆತದ್ದು ನಿವೇಶನ, ತಳಪಾಯ, ನೀರು, ಶೌಚಾಲಯ, ಅಬ್ಬಬ್ಬಾ ಎಂದರೆ ಒಂದು ಖೋಲಿ. ಮುಂದಿನದನ್ನು ಕೈಯಲ್ಲಿ ದುಡ್ಡು ಆಡಿದಂತೆ ಆ ಸಂಸಾರಗಳೇ ಕಟ್ಟಿಕೊಂಡವು. ಈ ಕೆಲಸಕ್ಕೆ 1995ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂತು, 2018ರಲ್ಲಿ ದೋಶಿಯವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ದೊರೆಯಿತು. ಅದು ಪಡೆದ ಮೊದಲ ಭಾರತೀಯರು ಅವರು. ಮೊದಲೇ ಯೋಚಿಸಿ ಜಾಗ ಬಿಟ್ಟರೆ ಮನೆಯೂ ಮಕ್ಕಳ ಹಾಗೆ ಬೆಳೆಯಬಲ್ಲದು. ನಾವೂ ಕೆಳಗಿನದನ್ನಷ್ಟೇ ಮುಗಿಸಿ, ಮೆಟ್ಟಿಲು ಮತ್ತು ಮೇಲಿನ ಖೋಲಿಗೆ ಬೇಕಾದ ಕಂಬ, ಕೊಳವೆಗಳನ್ನು ಸಿದ್ಧವಾಗಿಟ್ಟಿದ್ದೇವೆ.

ಎಲ್ಲವೂ ನಮಗೆ ಬೇಕಾದ ಹಾಗೆಯೇ ಆಯಿತು ಎಂದೇನಿಲ್ಲ. ಚೌಕಕ್ಕೆ ಬಿಟ್ಟ ಜಾಗದಲ್ಲಿ ಇನ್ನೊಂದು ಸಣ್ಣ ಖೋಲಿ ಆಗುತ್ತಿತ್ತು. ನೆಂಟರು ಬಂದಾಗ ಪಡಸಾಲೆಯಲ್ಲೇ ಹಾಸಿಗೆ ಬಿಚ್ಚಬೇಕು. ನಕ್ಷೆಯ ಫೀ ಕೊಡುವಾಗ ನಮ್ಮ ಮನೆಯವರ ಮುಖ ಸ್ವಲ್ಪ ಚಿಕ್ಕದಾದದ್ದೂ ನಿಜ. ಆದರೆ ಎರಡು ಬೇಸಿಗೆ ಕಳೆದೆವು, ಹಗಲು ಹೊತ್ತು ದೀಪ ಹಚ್ಚಿಲ್ಲ. ಅತ್ತೆಯವರ ಮಂಚ ಪಡಸಾಲೆಗೂ ಚೌಕಕ್ಕೂ ನಡುವೆ ಇದೆ. ಬಾಗಿಲುಗಳೆಲ್ಲ ಒಂದೇ ಗೆರೆಯಲ್ಲಿ ಬಂದಿರುವುದರಿಂದ ಅತ್ತ ತಿರುಗಿದರೆ ಓಣಿ, ಇತ್ತ ತಿರುಗಿದರೆ ಒಲೆ. ಗದಗಿನ ಮಾತು ಮತ್ತೆ ಬಂದಿಲ್ಲ. ಮಗಳೇ ಇಲ್ಲಿಗೆ ಬಂದು ಹೋಗುತ್ತಾಳೆ.

ಸೋದರಿಯರೇ, ನೀವು ಹೊಸ ಮನೆ ಕಟ್ಟಿಸುವವರಿರಲಿ, ಹಳೆಯದನ್ನು ದುರಸ್ತಿ ಮಾಡಿಸುವವರಿರಲಿ, ಇಷ್ಟು ಮಾಡಿ. ಒಂದು ವಾರ ನಿಮ್ಮ ದಿನದ ಕೆಲಸಗಳನ್ನು ಹೊತ್ತಿನ ಪ್ರಕಾರ ಬರೆದಿಡಿ. ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ ಅವರ ಹೆಜ್ಜೆ ಎಣಿಸಿ. ನಿಮ್ಮ ಮೊಣಕೈ ಎತ್ತರ ಅಳೆದು ಚೀಟಿಯಲ್ಲಿ ಬರೆದಿಡಿ. ಬೇಸಿಗೆಯಲ್ಲಿ ಬಿಸಿಲು, ಮಳೆಗಾಲದಲ್ಲಿ ಎರಚಲು ಯಾವ ಕಡೆಯಿಂದ ಬರುತ್ತದೆ ನೋಡಿಕೊಳ್ಳಿ. ನೆಲದ ಮೇಲೆ ರಂಗೋಲಿಯಲ್ಲಿ ಮನೆ ಬರೆದು, ತುಂಬಿದ ಕೊಡ ಹಿಡಿದು ಅದರಲ್ಲಿ ಓಡಾಡಿ. ಆಮೇಲೆ ಆರ್ಕಿಟೆಕ್ಟರಾಗಲಿ, ಎಂಜಿನಿಯರರಾಗಲಿ, ಗೌಂಡಿಯಾಗಲಿ, ಬಂದವರ ಮುಂದೆ ಆ ಚೀಟಿ ಹಿಡಿದು ಕೂಡಿರಿ. ಗೋಡೆ ಎದ್ದ ಮೇಲೆ ಹೇಳಿದ ಮಾತಿಗೆ ಸಾವಿರಾರು ರೂಪಾಯಿ ಬೀಳುತ್ತದೆ, ಕಾಗದದ ಮೇಲಿರುವಾಗ ಹೇಳಿದರೆ ಒಂದು ರಬ್ಬರು ಸಾಕು. ಅವತ್ತಿನ ಚಹಾ ಬೇಕಾದರೆ ಮನೆಯವರೇ ಮಾಡಲಿ!